ಮಾಸ್ತರ ಮನೆಯ ಬಾಗಿಲಿಗೆ ಬೇವು

ನಮ್ಮಪ್ಪ ಯಾರ ಜ್ವರವನ್ನೂ ನಂಬುತ್ತಿರಲಿಲ್ಲ. ಇಳಕಲ್ಲಿನ ಕನ್ನಡ ಶಾಲೆಯಲ್ಲಿ ಏಳನೆಯ ಇಯತ್ತೆಗೆ ಅವರು ಮಾಸ್ತರರು. ಶಾಲೆ ತಪ್ಪಿಸಲು ಮಕ್ಕಳು ಹೂಡುವ ಆಟಗಳೆಲ್ಲ ಅವರಿಗೆ ಬಾಯಿಪಾಠವಾಗಿದ್ದವು. ಹೊಟ್ಟೆನೋವು ಮಗ್ಗಿ ಬಾರದವನ ರೋಗ, ತಲೆನೋವು ಶುದ್ಧಬರಹ ಬರೆಯದವನ ರೋಗ ಎಂದು ಅವರದೇ ಒಂದು ವೈದ್ಯಶಾಸ್ತ್ರವಿತ್ತು. ಆ ಶಾಸ್ತ್ರ ಮೊದಲು ನಡೆಯುತ್ತಿದ್ದದ್ದು ಮನೆಯಲ್ಲಿದ್ದ ನನ್ನ ಮೇಲೆ. ನೆಗಡಿಯಾಗಿ ಮೂಗು ಸೊರಸೊರ ಎನ್ನುತ್ತಿದ್ದರೂ ನಾನು ಹೋಗಲೇಬೇಕು, ಇಲ್ಲದಿದ್ದರೆ ಮಾಸ್ತರರ ಮರ್ಯಾದೆ ಹೋಗುತ್ತಿತ್ತು.

ಶಾಲೆಯ ಗಂಟೆ ಬಾರಿಸುವ ಮೊದಲು ಅವರು ಕೊಡೆ ಹಿಡಿದು ನೇಕಾರರ ಓಣಿಗಳಲ್ಲಿ ಒಂದು ಸುತ್ತು ಹಾಕುತ್ತಿದ್ದರು. ನಮ್ಮ ಮನೆಯಿದ್ದದ್ದೂ ಅಂಥದೇ ಓಣಿಯಲ್ಲಿ. ಲಗ್ನದ ಕಾಲ ಬಂತೆಂದರೆ ಸೀರೆಗಳಿಗೆ ಎಲ್ಲಿಲ್ಲದ ಅವಸರ. ಗಂಡಸರು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದರೆ, ರಾಟಿಯ ಮುಂದೆ ಕುಳಿತು ಲಾಳಿಗೆ ನೂಲಿನ ಕಂಡಿಕೆ ಸುತ್ತಿ ಕೊಡುವುದು ಮಕ್ಕಳ ಕೆಲಸ. ಆ ಪುಟ್ಟ ಕೈಗಳು ಶಾಲೆಗೆ ಹೋದರೆ ಮಗ್ಗ ನಿಲ್ಲುತ್ತದೆ. ಅಪ್ಪನಿಗೆ ಇದು ಗೊತ್ತಿಲ್ಲದ್ದೇನಲ್ಲ. "ಒಂದ ಕಂಡಕಿ ಕಡಿಮಿ ಬಿದ್ರ ಸೀರಿ ನಾಳೆ ಮುಗೀತದ. ಒಂದ ಪಾಠ ತಪ್ಪಿದ್ರ ನಾಳೆ ನೀ ಕಲಸ್ತೀಯೇನು?" ಎಂದು ನೇಕಾರನನ್ನು ಗದರಿಸಿ, ಹುಡುಗನ ರಟ್ಟೆ ಹಿಡಿದು ಎಬ್ಬಿಸುತ್ತಿದ್ದರು.

ಈ ಕಾಟಕ್ಕೆ ಓಣಿಯವರು ಒಂದು ಉಪಾಯ ಕಂಡುಕೊಂಡರು. ದಡಾರಕ್ಕೆ ನಮ್ಮ ಕಡೆ ಗೊಬ್ಬರ ಎನ್ನುತ್ತಾರೆ. ಮಗುವಿಗೆ ಗೊಬ್ಬರ ಎದ್ದ ಮನೆಯ ಬಾಗಿಲಿಗೆ ಬೇವಿನ ಟೊಂಗೆ ಕಟ್ಟುವುದು ರೂಢಿ. ಬೇವು ಕಂಡರೆ ಹೊರಗಿನವರು ಹೊಸ್ತಿಲು ದಾಟುವುದಿಲ್ಲ, ಒಳಗಿನ ಮಕ್ಕಳು ಹೊರಗೆ ಕಾಲಿಡುವುದಿಲ್ಲ. ಬೇವು ಇಳಿಯುವತನಕ ಆ ಮನೆಯಲ್ಲಿ ಒಗ್ಗರಣೆ ಕೂಡ ಹಾಕುವುದಿಲ್ಲ. ಸರಿ, ಸೀರೆಯ ಅವಸರ ಹೆಚ್ಚಾದಾಗಲೆಲ್ಲ ಓಣಿಯ ಬಾಗಿಲುಗಳಿಗೆ ಬೇವು ಬರತೊಡಗಿತು. ಅಪ್ಪ ಒಂದಷ್ಟು ದಿನ ಕೈಮುಗಿದು ಮುಂದೆ ಹೋದರು. ಒಂದು ಬೆಳಿಗ್ಗೆ ಬೇವು ಕಟ್ಟಿದ ಮನೆಯೊಳಗಿಂದ ಬಳ್ಳೊಳ್ಳಿ ಒಗ್ಗರಣೆಯ ವಾಸನೆ ಘಮ್ಮೆಂದು ಬಂತು. ನುಗ್ಗಿ ನೋಡಿದರೆ ಮೂರು ಮಕ್ಕಳು ಗುಂಡಕಲ್ಲಿನ ಹಾಗೆ ಕುಳಿತು ಕಂಡಿಕೆ ಸುತ್ತುತ್ತಿದ್ದವು. ಆವತ್ತಿನಿಂದ ಅಪ್ಪ ಯಾವ ಬೇವನ್ನೂ ನಂಬಲಿಲ್ಲ. ಒಳಗೆ ಹೋಗಿ, ಮಕ್ಕಳ ಕಿವಿ ಮಡಿಸಿ, ಹಿಂದೆ ಗುಳ್ಳೆ ಇವೆಯೇ ಎಂದು ನೋಡಿಯೇ ಬರುತ್ತಿದ್ದರು. ಒಮ್ಮೊಮ್ಮೆ ಖರೇ ಗೊಬ್ಬರವೇ ಇರುತ್ತಿತ್ತು. ಆಗ ಮುಖ ಸಣ್ಣದು ಮಾಡಿಕೊಂಡು ಹೊರಗೆ ಬರುತ್ತಿದ್ದರು, ಆದರೆ ಚಾಳಿ ಬಿಡಲಿಲ್ಲ.

ನಾನು ಏಳನೆಯದಕ್ಕೆ ಬಂದಾಗ ನಾವಿನ್ನೂ ಮುಂಬಯಿ ರಾಜ್ಯದವರು. ಏಳನೆಯದರ ಕೊನೆಗೆ ಮುಲ್ಕಿ ಪರೀಕ್ಷೆ. ಅದನ್ನು ಪಾಸಾದವರು ಟ್ರೇನಿಂಗಿಗೆ ಹೋಗಿ ಶಿಕ್ಷಕರಾಗಬಹುದಿತ್ತು. ಆ ವರ್ಷ ನಮ್ಮ ಶಾಲೆಯಿಂದ, ಎದುರುಮನೆಯ ನೇಕಾರರ ಹುಡುಗಿಯೂ ಸೇರಿ, ಐದು ಜನ ಹುಡುಗಿಯರು ಕೂಡುವವರಿದ್ದೆವು. ಪರೀಕ್ಷೆ ಹುನಗುಂದದಲ್ಲಿ. ಅಲ್ಲಿ ಪರಿಚಯದವರ ಮನೆಯ ಒಂದು ಖೋಲಿಯಲ್ಲಿ ಐವರೂ ಇರುವುದೆಂದು ಅಪ್ಪ ಗೊತ್ತುಮಾಡಿದ್ದರು.

ಉಳಿದ ನಾಲ್ವರಿಗೆ ಅದು ಬರೀ ಪರೀಕ್ಷೆ, ನನಗೆ ಹಾಗಲ್ಲ. ಬಾದಾಮಿಯಲ್ಲಿದ್ದ ನಮ್ಮ ಅಜ್ಜಿ, ಅಂದರೆ ಅಪ್ಪನ ತಾಯಿ, ಕೆರೂರಿನಲ್ಲಿ ನನಗೊಂದು ವರ ನೋಡಿಟ್ಟಿದ್ದರು. ಸಂತೆಪೇಟೆಯಲ್ಲಿ ಅವರದು ಅಂಗಡಿಯಂತೆ, ಹುಡುಗ ಒಳ್ಳೆಯವನಂತೆ. ನಾನು ಅವನನ್ನು ನೋಡಿರಲಿಲ್ಲ, ನೋಡುವ ಆಸೆಯೂ ಇರಲಿಲ್ಲ. ಅಪ್ಪ ಕಾಡಿಬೇಡಿದ ಮೇಲೆ ಅಜ್ಜಿ ಒಂದು ಮಾತಿಗೆ ಬಂದಿದ್ದರು. ಮುಲ್ಕಿ ಪಾಸಾದರೆ ಓದಲಿ, ಇಲ್ಲವಾದರೆ ಆ ಬೇಸಿಗೆಯಲ್ಲೇ ಲಗ್ನ. ಅಜ್ಜಿಯ ಮಾತೆಂದರೆ ಬಾದಾಮಿಯ ಬಂಡೆ, ಆಚೀಚೆ ಸರಿಯುವಂಥದ್ದಲ್ಲ.

ನಾನು ಪಾಸಾಗಬೇಕೆಂದು ನನಗಿಂತ ಹೆಚ್ಚು ಹಂಬಲಿಸಿದವಳು ಅವ್ವ. ಅವಳು ಕಲಿತದ್ದು ಎರಡನೆಯ ಇಯತ್ತೆ. ಕಾಗದ ಬಂದರೆ ಅಕ್ಷರಕ್ಕೆ ಬೆರಳಿಟ್ಟು ಓದುತ್ತಿದ್ದಳು. ಅವಳ ದನಿ ಪಡಸಾಲೆ ದಾಟಿದ್ದನ್ನು ನಾನು ಕೇಳಿರಲಿಲ್ಲ. ಆ ವರ್ಷವೆಲ್ಲ ಅವಳು ರೊಟ್ಟಿ ಬಡಿಯುವಾಗ ನಾನು ಒಲೆಯ ಪಕ್ಕ ಕುಳಿತು ಗಟ್ಟಿಯಾಗಿ ಓದಬೇಕಿತ್ತು. ಕೃಷ್ಣೆಗೆ ಯಾವ ನದಿ ಎಲ್ಲಿ ಕೂಡುತ್ತದೆ ಎಂದು ನಾನು ತಡವರಿಸಿದರೆ, ಹಿಟ್ಟಿನ ಕೈ ಎತ್ತದೆ ಅವಳೇ ಹೇಳಿಬಿಡುತ್ತಿದ್ದಳು. ನನಗೆ ನಾಚಿಕೆಯೂ ಸಿಟ್ಟೂ ಒಟ್ಟಿಗೇ ಬರುತ್ತಿದ್ದವು.

ನಾಳೆ ಬೆಳಿಗ್ಗೆ ಹುನಗುಂದದ ಬಸ್ಸು ಎನ್ನುವ ದಿನ ಅವ್ವ ನನಗೆ ಎಣ್ಣೆ ಹಚ್ಚಲು ಕೂಡಿಸಿಕೊಂಡಳು. ಹೆರಳು ಬಿಡಿಸಿ ತಲೆ ಬಾಚುತ್ತಿದ್ದ ಕೈ ಎಡಗಿವಿಯ ಹಿಂದೆ ನಿಂತಿತು. ಹಣೆ ಮುಟ್ಟಿದಳು, ಕತ್ತು ಮುಟ್ಟಿದಳು, ಕಣ್ಣಿನ ರೆಪ್ಪೆ ಎಳೆದು ನೋಡಿದಳು. "ಇಲ್ಲೆ ಬರ್ರಿ ಸ್ವಲ್ಪ," ಎಂದು ಅಪ್ಪನನ್ನು ಕರೆದಳು.

ಅಪ್ಪ ಚಷ್ಮಾ ಏರಿಸಿ ನನ್ನ ಕಿವಿ ಮಡಿಸಿದರು. ಊರ ಮಕ್ಕಳ ಕಿವಿಯನ್ನೆಲ್ಲ ಮಡಿಸಿ ನೋಡಿದ ಕೈ ಅದು.

"ಬೆವರಸಾಲಿ ಇದು. ಬಿಸಲ ಎಷ್ಟದ ನೋಡು."

"ಮೈ ಬಿಸಿ ಅದ."

"ಪರೀಕ್ಷಾದ ಅಂಜಿಕಿ."

"ಕಣ್ಣ ಕೆಂಪಾಗ್ಯಾವ."

"ಹಗಲಿಡೀ ಓದ್ಯಾಳ, ಆಗಲಾರದ ಏನ್ ಮಾಡ್ತಾವ?"

ನಾನೂ ನಡುವೆ ಬಾಯಿ ಹಾಕಿ, ನನಗೇನೂ ಆಗಿಲ್ಲ, ಹಸಿವೆಯಾಗಿದೆ ಎಂದೆ. ಅದು ಸುಳ್ಳು. ಮುಂಜಾನೆಯಿಂದ ಬಾಯಿ ಕಹಿಯಾಗಿತ್ತು. ಅಪ್ಪ ದವಾಖಾನೆಗೆ ಹೋಗಿ ಬಂದರು. ಡಾಕ್ಟರರು ಹಳ್ಳಿಗಳ ಮಕ್ಕಳಿಗೆ ಲಸಿಕೆ ಹಾಕಲು ಹೋಗಿದ್ದಾರೆ, ಬರುವುದು ಮೂರು ದಿನವಾಗುತ್ತದೆ ಎಂದರಂತೆ. ಹೇಳುವವರು ಯಾರೂ ಇರಲಿಲ್ಲ. ಅದು ಗೊಬ್ಬರವೋ ಬೆವರುಸಾಲೆಯೋ ನಾವೇ ನಿರ್ಧರಿಸಬೇಕಿತ್ತು.

ಅಪ್ಪನ ಆಗಿನ ಮುಖ ನೆನೆದರೆ ಈಗಲೂ ನನಗೆ ಕನಿಕರವೆನಿಸುತ್ತದೆ. ಇಷ್ಟು ವರ್ಷ ಪರರ ಜ್ವರವನ್ನು ಶಿಸ್ತಿಗಾಗಿ ನಂಬದಿದ್ದವರು, ಆವತ್ತು ಮಗಳ ಜ್ವರವನ್ನು ಪ್ರೀತಿಗಾಗಿ ನಂಬಲೊಲ್ಲರು.

"ಇದು ಗೊಬ್ಬರ ಅಂತ ನಿನಗ ಹ್ಯಾಂಗ ಗೊತ್ತು?" ಎಂದರು.

"ಗೊತ್ತಿಲ್ಲ. ಅಲ್ಲ ಅಂತ ನಿಮಗ ಹ್ಯಾಂಗ ಗೊತ್ತು?"

"ಆ ನಾಕೂ ಹುಡಿಗ್ಯಾರು ಇಕಿ ಕೂಡ ವರ್ಷಾ ಒಂದ ಸಾಲ್ಯಾಗ ಕೂತಾರಲ್ಲ? ಹತ್ತೂದಿದ್ರ ಈಗಾಗಲೇ ಹತ್ತಿರ್ತದ."

"ನಿನ್ನಿತನಕ ನಮಗ ಗೊತ್ತಿರಲಿಲ್ಲ. ಇವತ್ತ ಕಂಡದ. ಕಂಡ ಮ್ಯಾಲೆ ಕಳಿಸಿದ್ರ, ಬ್ಯಾನಿ ನಾವ ಕೈಯಾರೆ ಕಳಿಸಿಧಂಗ. ಎದುರಮನಿ ಹುಡಿಗಿ ಇಕಿ ಮಗ್ಗಲದಾಗ ಮಲಗ್ತಾಳ. ಪರೀಕ್ಷಾ ಮುಗಿಸಿ ಬಂದು ಎಂಟ ತಿಂಗಳ ತಮ್ಮನ್ನ ಎತ್ತಿ ಆಡಸ್ತಾಳ."

"ಇಕಿ ಲಗ್ನ?" ಎಂದರು ಅಪ್ಪ. "ಬಾದಾಮ್ಯಾಗ ನಮ್ಮವ್ವಗ ಏನ್ ಹೇಳ್ಲಿ ನಾ?"

ಅವ್ವ ಎದ್ದಳು. ಎಣ್ಣೆಯ ಕೈ ಸೆರಗಿಗೆ ಒರೆಸಿಕೊಂಡು ಹಿತ್ತಲಿಗೆ ಹೋದಳು. ಬೇವಿನ ಟೊಂಗೆ ಮುರಿದ ಲಟಕ್ಕೆನ್ನುವ ಸದ್ದು ಕೇಳಿಸಿತು. ನಾನು ಬೇಡವೆಂದು ಚೀರುತ್ತಿದ್ದಂತೆಯೇ ನಮ್ಮ ಮುಂಬಾಗಿಲಿನ ಚೌಕಟ್ಟಿಗೆ ಅದನ್ನು ಕಟ್ಟಿ ಒಳಗೆ ಬಂದಳು. "ಕಟ್ಟೀನಿ," ಎಂದಳು, "ಇನ್ನ ಇದರ ಬಗ್ಗೆ ಮಾತ ಬ್ಯಾಡ. ಮಾತಾಡಕೋತ ಕೂತ್ರ ನನ್ನ ಮನಸ್ಸೂ ಬದಲಾಗ್ತದ." ಊರಿಗೆಲ್ಲ ಕಾಣುವ ಹಾಗೆ ಕಟ್ಟಿದ್ದನ್ನು ಬಿಚ್ಚುವುದು ಸುಲಭವಲ್ಲವೆಂದು ಅವಳಿಗೆ ಗೊತ್ತಿತ್ತು. ತನ್ನ ಕೈಯನ್ನು ತಾನೇ ಕಟ್ಟಿಕೊಂಡಿದ್ದಳು.

ಆದರೆ ನಮ್ಮ ಓಣಿಯಲ್ಲಿ ಬೇವಿನ ಗತಿ ಏನಾಗಿತ್ತೆಂದು ಅವಳಿಗೂ ಅಂದಾಜಿರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಓಣಿಯಲ್ಲಿ ನಗೆ ಶುರುವಾಯಿತು. ಮಾಸ್ತರರು ಮಗಳನ್ನು ಮನೆಯಲ್ಲಿಟ್ಟುಕೊಂಡು ಬೇವು ಕಟ್ಟಿದ್ದಾರಂತೆ ಎಂದು ಮಗ್ಗದಿಂದ ಮಗ್ಗಕ್ಕೆ ಸುದ್ದಿ ಹೋಯಿತು. ಸಂಜೆ ಎದುರುಮನೆಯ ನೇಕಾರಗಿತ್ತಿ ಕಂಕುಳಲ್ಲಿ ಆ ಎಂಟು ತಿಂಗಳ ಕೂಸು, ಕೈಯಲ್ಲಿ ಕರದಂಟಿನ ಪೊಟ್ಟಣ ಹಿಡಿದು ಬಂದಳು. ಪರೀಕ್ಷೆಗೆ ಹೊರಟ ಮಕ್ಕಳಿಗೆಂದು ಅವಳ ಗಂಡ ಅಮೀನಗಡದಲ್ಲಿ ಬಸ್ಸಿಳಿದು ತಂದ ಕರದಂಟು ಅದು. ಬಾಗಿಲ ಬೇವನ್ನು ಬೆರಳಿಂದ ಮೀಟಿ, ನಗುತ್ತ ಹೊಸ್ತಿಲು ದಾಟಿಯೇ ಬಿಟ್ಟಳು.

"ಏನ್ರಿ ಬಾಯಾರ, ಮಾಸ್ತರ ಮನ್ಯಾಗೂ ನಮ್ಮಂಗ ಬೇವ ಕಟ್ಟೂ ಪಾಳಿ ಬಂತೇನ್ರಿ? ಯಾರಿಗೆ ಅಂಜಿ ಕಟ್ಟೀರಿ, ಸಾಲಿ ಮಾಸ್ತರ ನಿಮ್ಮ ಮನ್ಯಾಗ ಅದಾರಲ್ರಿ!"

ಅವಳ ದನಿ ಕೇಳಿ ನಾನು ಒಳಗಿನಿಂದ ಎದ್ದು ಬಂದಿದ್ದೆ. ಕೂಸಿಗೆ ನನ್ನ ಗುರುತು ಚೆನ್ನಾಗಿತ್ತು. ಎರಡೂ ಕೈ ಚಾಚಿ ನನ್ನ ಕಡೆ ಜಿಗಿಯಿತು. ರೂಢಿಯಂತೆ ನಾನೂ ಕೈ ಚಾಚಿದೆ.

"ಹಿಂದಕ್ಕ ಸರಿ!"

ಅದು ಅವ್ವನ ದನಿ ಎಂದು ತಿಳಿಯಲು ನನಗೆ ಹೊತ್ತು ಹಿಡಿಯಿತು. ಎದುರುಮನೆಯ ಮಗ್ಗ ನಿಂತಿತು, ಅದರಾಚೆಯದೂ ನಿಂತಿತು. ಅವ್ವ ಬಂದು ನನಗೂ ಕೂಸಿಗೂ ನಡುವೆ ನಿಂತಿದ್ದಳು. "ಖರೇ ಬೇವದು! ಕೂಸಿನ ತಗೊಂಡ ಹೊರಗ ನಡಿ!" ನೇಕಾರಗಿತ್ತಿ ಬೆಪ್ಪಾಗಿ ಹಿಂದೆ ಸರಿದಳು. ಹೊಸ್ತಿಲ ಹೊರಗೆ ಹೋಗಿ ಕೂಸನ್ನು ಎದೆಗವಚಿಕೊಂಡು, "ಸುಳ್ಳ ಅಂತ ತಿಳದಿದ್ನಿರಿ ಬಾಯಾರ," ಎಂದಳು.

"ಸುಳ್ಳ ಕಟ್ಟಿ ಕಟ್ಟಿ ಬೇವಿಗೆ ಕಿಮ್ಮತ್ತ ಇಲ್ಲಧಂಗ ಮಾಡೀರಿ ನೀವು," ಎಂದಳು ಅವ್ವ. ಆಮೇಲೆ ಪಡಸಾಲೆಯಲ್ಲಿ ತಲೆತಗ್ಗಿಸಿ ಕುಳಿತ ಅಪ್ಪನ ಕಡೆ ತಿರುಗಿದಳು. "ನೀವೂ ಅಷ್ಟ. ಖರೇ ಹೇಳಿದ್ರೂ ನಂಬಲಿಲ್ಲ, ಅದಕ್ಕ ಅವರು ಸುಳ್ಳ ಕಲತ್ರು."

ಇಡೀ ಓಣಿ ಕೇಳುವಂತೆ ಗಂಡನಿಗೆ ಹಾಗೆ ಅಂದ ಹೆಂಗಸನ್ನು ನಾನು ಅದುವರೆಗೆ ನೋಡಿರಲಿಲ್ಲ. ನನಗಂತೂ ಆಗ ಅವ್ವನ ಮೇಲೆ ಮೆಚ್ಚುಗೆಯೇನೂ ಹುಟ್ಟಲಿಲ್ಲ. ನನ್ನ ಬಾಳು ಹಾಳುಮಾಡಿದಳು ಎಂಬ ಕಡುಸಿಟ್ಟೊಂದೇ ಇತ್ತು.

ಮರುದಿನ ಬೆಳಿಗ್ಗೆ ಅಪ್ಪ ನಾಲ್ಕು ಜನ ಹುಡುಗಿಯರನ್ನು ಕರೆದುಕೊಂಡು ಹೋದರು. ಬಸ್ಸಿನ ಹಾರ್ನು ನಮ್ಮ ಮನೆಗೆ ಕೇಳಿಸುತ್ತಿತ್ತು. ನಾನು ಗೋಡೆಗೆ ಮುಖಮಾಡಿ ಮಲಗಿದೆ. ಅವ್ವ ಗಂಜಿ ತಂದಳು, ಮುಟ್ಟಲಿಲ್ಲ. ಮನಸ್ಸಿನಲ್ಲಿ ಮಾತ್ರ ಒಂದೇ ಸಮನೆ ಬೇಡಿಕೊಳ್ಳುತ್ತಿದ್ದೆ, ಇದು ಗೊಬ್ಬರವೇ ಆಗಲಿ, ಮೈತುಂಬ ಏಳಲಿ, ಹೋಗುವ ವರ್ಷ ಸುಮ್ಮನೆ ಹೋಗದಿರಲಿ ಎಂದು. ಗಂಟೆಗೊಮ್ಮೆ ಎದೆ, ತೋಳು ನೋಡಿಕೊಳ್ಳುತ್ತಿದ್ದೆ. ಮೈ ತಣ್ಣಗಾಗುತ್ತ ಬಂತು. ಕಿವಿಯ ಹಿಂದಿನ ಗುಳ್ಳೆ ಒಣಗಿದವು.

ಮೂರನೆಯ ದಿನ ಡಾಕ್ಟರರು ಬಂದು ನೋಡಿದರು. "ಗೊಬ್ಬರ ಅಲ್ಲ ತಾಯಿ, ಉಷ್ಣದ ಗುಳ್ಳಿ. ನಾಳೆ ಎಣ್ಣಿ ಹಚ್ಚಿ ಎರೀರಿ," ಎಂದು ಹೋದರು. ಹುನಗುಂದದಲ್ಲಿ ಆ ಹೊತ್ತಿಗೆ ಗಣಿತದ ಪರೀಕ್ಷೆ ನಡೆದಿತ್ತು.

ಅವ್ವ ಬಾಗಿಲಿಗೆ ಹೋಗಿ ಬಾಡಿದ ಬೇವನ್ನು ಬಿಚ್ಚಿದಳು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ಬಂದು ನನ್ನ ಎದುರು ಕುಳಿತಳು. ಏನೋ ಸಮಾಧಾನ ಹೇಳುತ್ತಾಳೆ, ಎಲ್ಲ ದೇವರ ಇಚ್ಛೆ ಅನ್ನುತ್ತಾಳೆ, ಆಗ ಸರಿಯಾಗಿ ಜಗಳ ತೆಗೆಯೋಣ ಎಂದು ನಾನು ಕಾದಿದ್ದೆ.

"ತಪ್ಪ ನಂದು," ಎಂದಳು. "ನಿನ್ನ ವರ್ಷಾ ನಾ ಕಳದೆ. ನೀ ಸಿಟ್ಟಾಗೂದು ಬರೊಬ್ಬರಿ ಅದ. ಆದ್ರ ನಾಳೆ ಮತ್ತ ಹಿಂಗ ಕಂಡ್ರ ನಾ ಮತ್ತ ಕಟ್ಟತೇನಿ. ನಿನಗ ಸುಳ್ಳ ಯಾಕ ಹೇಳ್ಲಿ?" ಬೇವಿನ ಒಣಗಿದ ಎಲೆಯೊಂದನ್ನು ಕಿತ್ತಳು. "ಕಳದಾಕಿ ನಾನು. ಆ ವರ್ಷಾ ನಾನ ತಂದ ಕೊಡ್ತೇನಿ."

ನನಗೆ ಜಗಳ ತೆಗೆಯುವುದೇ ಮರೆತುಹೋಯಿತು. ದೊಡ್ಡವರು ಮಕ್ಕಳ ಮುಂದೆ ತಪ್ಪು ಒಪ್ಪಿಕೊಂಡದ್ದನ್ನು ನಾನು ನೋಡಿದ್ದು ಅದೇ ಮೊದಲು.

ಅಪ್ಪ ಹುನಗುಂದದಿಂದ ಬರುವುದನ್ನೂ ಅವಳು ಕಾಯಲಿಲ್ಲ. ಗಂಡನಿಲ್ಲದೆ ಎಂದೂ ಬಸ್ಸು ಹತ್ತದವಳು ಮರುದಿನವೇ ನನ್ನನ್ನು ಕರೆದುಕೊಂಡು ಬಾದಾಮಿಗೆ ಹೊರಟಳು. ಅಮೀನಗಡದಲ್ಲಿ ಇಳಿದು ಇನ್ನೊಂದು ಬಸ್ಸು ಹಿಡಿಯಬೇಕಿತ್ತು. ಅಲ್ಲಿ ಎರಡು ತಾಸು ಕಾದೆವು. ಅವಳು ನನ್ನ ಕೈ ಬಿಡಲೇ ಇಲ್ಲ. ನನ್ನ ಧೈರ್ಯಕ್ಕಲ್ಲ, ತನ್ನ ಧೈರ್ಯಕ್ಕೆ ಹಿಡಿದಿದ್ದಾಳೆ ಎಂದು ಅವಳ ಬೆವರಿದ ಅಂಗೈಯಿಂದ ನನಗೆ ತಿಳಿಯಿತು.

ಅಜ್ಜಿ ಅಡಿಕೆ ಕತ್ತರಿಸುತ್ತ ಎಲ್ಲವನ್ನೂ ಕೇಳಿ ಅಡಕೊತ್ತು ಕೆಳಗಿಟ್ಟರು. "ಮಾತ ಅಂದ್ರ ಮಾತು. ಪಾಸಾಗಲಿಲ್ಲಲ್ಲ? ಕೆರೂರವರಿಗೆ ಹೇಳಿ ಕಳಸ್ತೇನಿ," ಎಂದರು.

"ಪರೀಕ್ಷಾಕ್ಕ ಕೂಡಲಾರದಾಕಿ ನಾಪಾಸ ಹ್ಯಾಂಗ ಆಗ್ತಾಳ್ರಿ ಅತ್ಯಾರ? ಕೂಡಗೊಡಲಾರದಾಕಿ ನಾನು. ತಪ್ಪ ನಂದಿದ್ದಾಗ ಶಿಕ್ಷಾ ಅಕಿಗ್ಯಾಕ್ರಿ?"

"ಗೊಬ್ಬರ ಅಲ್ಲಂತ ಡಾಕ್ಟರ ಹೇಳಿದ್ನಲ್ಲ. ಮಗಳ ವರ್ಷಾ ಸುಳ್ಳ ಹಾಳಾತು ಅಂತ ನಿನಗ ಸಂಕಟ ಇಲ್ಲೇನು?"

"ಸಂಕಟ ಅದರಿ," ಎಂದಳು ಅವ್ವ. ಕಣ್ಣಿಂದ ನೀರು ಇಳಿಯುತ್ತಿತ್ತು, ದನಿ ಮಾತ್ರ ಗಟ್ಟಿಯಾಗಿತ್ತು. "ಭಾಳ ಅದರಿ. ಆದ್ರ ಖರೇ ಗೊಬ್ಬರ ಇದ್ದು, ಎದುರಮನಿ ಕೂಸಿಗೆ ಏನರ ಆಗಿದ್ರ? ಆ ಸಂಕಟ ಹೊತ್ತಗೊಂಡು ನನಗ ಆ ಓಣ್ಯಾಗ ಇರಲಿಕ್ಕೆ ಆಗತಿರಲಿಲ್ರಿ. ಇದನ್ನರ ಹೊರತೇನಿ."

ಅಜ್ಜಿ ಸೊಸೆಯ ಮುಖ ನೋಡಿದರು. "ಇಷ್ಟ ವರ್ಷದಾಗ ನೀ ನನ್ನೆದುರು ಬಾಯಿ ತಗದಿದ್ದಿಲ್ಲ," ಎಂದರು. ಆಮೇಲೆ ಅಡಕೊತ್ತು ಮತ್ತೆ ಕೈಗೆತ್ತಿಕೊಂಡು, "ಒಂದ ವರ್ಷ. ಅದರ ಮ್ಯಾಲೆ ಒಂದ ದಿನಾ ಇಲ್ಲ," ಎಂದರು. ಕೆರೂರಿನವರು ಅಷ್ಟು ಕಾಯಲಿಲ್ಲ, ಬೇರೆ ಹೆಣ್ಣು ತಂದರು. ಆ ಹುಡುಗಿ ಸುಖವಾಗಿದ್ದಾಳೆಂದು ಆಮೇಲೆ ಕೇಳಿದೆ. ನನಗೆ ಅವಳಿಗಿಂತ ಹೆಚ್ಚು ಸುಖವಾಯಿತು. ಆದರೆ ಅಜ್ಜಿಯ ಕೈಯಲ್ಲಿ ವರಗಳಿಗೇನೂ ಬರವಿರಲಿಲ್ಲ, ಒಂದು ವರ್ಷದ ಗಡುವು ಹಾಗೇ ಇತ್ತು.

ಆ ವರ್ಷ ನಮ್ಮ ಓಣಿಯಲ್ಲಿ ಒಂದೂ ಸುಳ್ಳು ಬೇವು ಕಟ್ಟಲಿಲ್ಲ. ಅಪ್ಪನೂ ಒಳಗೆ ನುಗ್ಗುವುದನ್ನು ಬಿಟ್ಟರು. ಹೊಸ್ತಿಲ ಹೊರಗೆ ನಿಂತು, "ಹುಡುಗ ಹ್ಯಾಂಗಿದ್ದಾನ?" ಎಂದು ಕೇಳಿ, ಹೇಳಿದ್ದನ್ನು ನಂಬಿ ಮುಂದೆ ಹೋಗುತ್ತಿದ್ದರು. ಸೀರೆಯ ಅವಸರವಿದ್ದರೆ ಜನ ಅದನ್ನೇ ನೇರವಾಗಿ ಹೇಳತೊಡಗಿದರು. ಅಪ್ಪ ಬೈಯುತ್ತಿದ್ದರು, ಅವರು ಬೈಸಿಕೊಳ್ಳುತ್ತಿದ್ದರು, ಮಧ್ಯಾಹ್ನದ ಹೊತ್ತಿಗೆ ಹುಡುಗ ಶಾಲೆಯಲ್ಲಿರುತ್ತಿದ್ದ.

ಮರುವರ್ಷ ನಾನು ಪಾಸಾದದ್ದನ್ನು ಈಗಲೇ ಹೇಳಿಬಿಡುತ್ತೇನೆ. ಶಿರೂರಿನಲ್ಲಿ, ಆಮೇಲೆ ಅದೇ ಕೆರೂರಿನಲ್ಲಿ ಕಲಿಸಿದೆ. ಸೊಸೆಯಾಗಿ ಹೋಗಬೇಕಾದ ಊರಿಗೆ ಶಾಲೆಯ ಅಕ್ಕೋರಾಗಿ ಹೋದೆ. ಆದರೆ ನಾನು ಹೇಳಬೇಕೆಂದಿರುವುದು ಆ ಪರೀಕ್ಷೆಗೆ ಹೊರಟ ಬೆಳಗಿನ ಮಾತು.

ಅವ್ವ ನನ್ನ ತಲೆ ಬಾಚಿದಳು. ಎಡಗಿವಿ ಮಡಿಸಿದಳು, ಬಲಗಿವಿ ಮಡಿಸಿದಳು. ಹಣೆಯ ಮೇಲೆ ಕೈಯಿಟ್ಟು ಎಷ್ಟೋ ಹೊತ್ತು ಹಾಗೇ ಕುಳಿತಳು. "ಏನಿಲ್ಲ," ಎಂದು ಕೊನೆಗೆ ಹೇಳಿ, ಬಿಕ್ಕಿಬಿಕ್ಕಿ ಅತ್ತಳು. ಹೊರಗೆ ಎದುರುಮನೆಯ ನೇಕಾರಗಿತ್ತಿ ಕರದಂಟು ಹಿಡಿದು ನಿಂತಿದ್ದಳು. ಕೂಸು ಈಗ ಅವಳ ಸೆರಗು ಹಿಡಿದು ತಾನೇ ನಡೆದು ಬಂದಿತ್ತು. ಬಾಗಿಲ ಚೌಕಟ್ಟನ್ನು ಮೇಲಿಂದ ಕೆಳಗೆ ನೋಡಿ, "ಬೇವಿಲ್ಲ, ಒಳಗ ಬರಲೇನ್ರಿ ಬಾಯಾರ?" ಎಂದು ಕೇಳಿದಳು.

ದೇವರಿಗೆ ಕೈಮುಗಿದು ಚಪ್ಪಲಿ ಮೆಟ್ಟುವಾಗ ಬಾಗಿಲ ಪಕ್ಕದ ಗೂಡಿನ ಮೇಲೆ ನನ್ನ ಕಣ್ಣು ಬಿತ್ತು. ಅಲ್ಲಿ ಒಂದು ಬೇವಿನ ಟೊಂಗೆ ಇತ್ತು. ಆಗತಾನೇ ಮುರಿದದ್ದು, ತುದಿಯ ಹಸಿ ಇನ್ನೂ ಆರಿರಲಿಲ್ಲ. ಕಟ್ಟಲು ದಾರವನ್ನೂ ಸುತ್ತಿಟ್ಟಿದ್ದಳು.

"ಇದ್ಯಾಕವ್ವಾ?" ಎಂದೆ.

ಅವಳು ಕಣ್ಣೊರೆಸಿಕೊಂಡು ಅದನ್ನು ಸೆರಗಿನ ಮರೆಗೆ ತೆಗೆದುಕೊಂಡಳು. "ನಿನ್ನ ಕಿವಿ ಹಿಂದ ಏನರ ಕಂಡ ಮ್ಯಾಲೆ ಟೊಂಗಿ ಮುರೀಲಿಕ್ಕೆ ಈ ಸಲ ನನ್ನ ಕೈಲೆ ಆಗತಿರಲಿಲ್ಲ. ಅದಕ್ಕ ಮೊದಲ ಮುರದ ಇಟ್ಟಿದ್ದೆ."

ನನಗೆ ಸಿಟ್ಟು ಬರಲಿಲ್ಲ. ಅವಳ ಕಾಲಿಗೆ ಬಿದ್ದು, ಕರದಂಟಿನ ಚೂರೊಂದನ್ನು ಬಾಯಿಗೆ ಹಾಕಿಕೊಂಡು ಬಸ್ಸಿಗೆ ಓಡಿದೆ.